ಬೆಕ್ಕಿನ ಶುಗರ್ ಇಳಿಯುತ್ತಿಲ್ಲವೇ? ಡೋಸ್ ಏರಿಸುವ ಮೊದಲು ಇಷ್ಟನ್ನು ನೋಡಿ

ಇನ್ಸುಲಿನ್ ಶುರುವಾಗಿ ಮೂರ್ನಾಲ್ಕು ವಾರ ಆಗಿದೆ. ದಿನಕ್ಕೆರಡು ಹೊತ್ತು ತಪ್ಪದೆ ಚುಚ್ಚುತ್ತಿದ್ದೀರಿ. ಆದರೂ ಬೆಕ್ಕು ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ. ಲಿಟರ್ ಟ್ರೇ ಸದಾ ಒದ್ದೆ, ಅದರ ಸುತ್ತ ಇರುವೆ ಸಾಲು. ಮೀಟರ್ ಹಿಡಿದರೆ 380, 410. ಇಂಥ ಹೊತ್ತಲ್ಲಿ ಎಲ್ಲರಿಗೂ ಮೊದಲು ಬರುವ ಯೋಚನೆ ಒಂದೇ: ಅರ್ಧ ಯೂನಿಟ್ ಜಾಸ್ತಿ ಮಾಡೋಣ.

ಮಾಡಬೇಡಿ. ಶುಗರ್ ಇಳಿಯದಿರಲು ಹಲವು ಕಾರಣಗಳಿವೆ, ಡೋಸ್ ಸಾಲದಿರುವುದು ಅವುಗಳಲ್ಲಿ ಒಂದು ಅಷ್ಟೆ. ಸಿರಿಂಜ್ ತಪ್ಪಿರಬಹುದು. ಇನ್ಸುಲಿನ್ ಕೆಟ್ಟಿರಬಹುದು. ಮದ್ದು ಕೂದಲಿಗೆ ಹೋಗಿರಬಹುದು. ಮನೆಯಲ್ಲಿ ಯಾರೋ ಬಿಸ್ಕತ್ತು ಹಾಕುತ್ತಿರಬಹುದು. ಹಲ್ಲು ಕೊಳೆತಿರಬಹುದು. ಇವುಗಳಲ್ಲಿ ಒಂದನ್ನು ಮುಚ್ಚಲು ಡೋಸ್ ಏರಿಸಿದರೆ ಅವತ್ತಿಗೆ ಏನೂ ಆಗುವುದಿಲ್ಲ. ಆದರೆ ಹೊಸ ಬಾಟಲಿ ತೆರೆದ ದಿನವೋ, ಕೊಳೆತ ಹಲ್ಲು ಕಿತ್ತ ಮೇಲೋ, ಅದೇ ಡೋಸ್ ಬೆಕ್ಕಿನ ಜೀವಕ್ಕೆ ಬರುತ್ತದೆ. ಹಾಗಾಗಿ ಹುಡುಕಾಟಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಡೋಸ್‌ನ ಮಾತು ಕೊನೆಗೆ, ಅದೂ ವೈದ್ಯರನ್ನು ಕೇಳಿಯೇ.

ಇಲ್ಲಿ ಬರುವ ಶುಗರ್ ಅಂಕಿಗಳೆಲ್ಲ ನಮ್ಮ ಮೀಟರ್‌ಗಳು ತೋರಿಸುವ ಮಿಲಿಗ್ರಾಂ ಲೆಕ್ಕದವು.

ಹುಡುಕಾಟ ಬಿಟ್ಟು ಓಡಬೇಕಾದ ಎರಡು ಸಂದರ್ಭ

ಮೊದಲನೆಯದು, ಶುಗರ್ ತೀರಾ ಇಳಿದಿರುವುದು. ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಕರೆದರೂ ನೋಡುವುದಿಲ್ಲ, ಇಲ್ಲವೇ ವಿಪರೀತ ಹಸಿವಾಗಿ ಕೂಗುತ್ತದೆ. ಇನ್ನೂ ಇಳಿದರೆ ಫಿಟ್ಸ್ ಬರುತ್ತದೆ. ಆಗ ಮೀಟರ್ ಹುಡುಕುತ್ತಾ ಕೂರಬೇಡಿ. ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ ಕೊಡಿ. ತಿನ್ನದಿದ್ದರೆ ಜೇನುತುಪ್ಪವನ್ನೋ ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿಯನ್ನೋ ಬೆರಳಲ್ಲಿ ಒಸಡಿಗೆ ಸವರಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿಟ್ಸ್ ಬರುತ್ತಿರುವಾಗ ಹಲ್ಲುಗಳ ನಡುವೆ ಬೆರಳು ಬೇಡ, ತುಟಿಯ ಒಳಬದಿಗೆ ಸವರಿದರೆ ಸಾಕು. ಬೆಕ್ಕು ಎದ್ದು ಓಡಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಜೇನಿನ ಶಕ್ತಿ ಸ್ವಲ್ಪ ಹೊತ್ತಿನದು. ಚುಚ್ಚಿದ ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ.

ಎರಡನೆಯದು ಕೀಟೋನ್. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನೇ ಉರಿಸತೊಡಗಿದಾಗ ಕೀಟೋನ್ ಹೆಚ್ಚಿ ರಕ್ತದಲ್ಲಿ ಆಮ್ಲ ಏರುತ್ತದೆ. ಬೆಕ್ಕು ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮಲಗಿದಲ್ಲಿಂದ ಏಳುವುದಿಲ್ಲ. ಮೂತ್ರದಲ್ಲಿ ಕೀಟೋನ್ ನೋಡುವ ಸ್ಟ್ರಿಪ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, ಒಂದು ಡಬ್ಬಿ ಮನೆಯಲ್ಲಿರಲಿ. ಶುಗರ್ ಏರಿದೆ, ಬೆಕ್ಕು ತಿನ್ನುತ್ತಿಲ್ಲ, ಸ್ಟ್ರಿಪ್ ಬಣ್ಣ ತಿರುಗಿದೆ ಅಂದರೆ ಅದು ಮನೆಯಲ್ಲಿ ಸರಿಹೋಗುವ ವಿಷಯವಲ್ಲ. ಡ್ರಿಪ್ ಬೇಕು, ಅವತ್ತೇ ಬೇಕು.

ಈ ಎರಡೂ ಇಲ್ಲ, ಬೆಕ್ಕು ತಿಂದುಕೊಂಡು ಓಡಾಡಿಕೊಂಡಿದೆ ಅಂದರೆ ಮುಂದೆ ಓದಿ.

ಬಾಟಲಿಗೂ ಸಿರಿಂಜ್‌ಗೂ ಹೊಂದುತ್ತದೆಯೇ?

ಮೊದಲು ನೋಡಬೇಕಾದ್ದು ಇದೇ. ನಮ್ಮಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಗಾಢತೆಯಲ್ಲಿ ಸಿಗುತ್ತದೆ: 1 ಮಿಲಿಗೆ 40 ಯೂನಿಟ್ ಇರುವುದು, 1 ಮಿಲಿಗೆ 100 ಯೂನಿಟ್ ಇರುವುದು. ಬೆಕ್ಕುಗಳಿಗೆ ವೈದ್ಯರು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಸಾಮಾನ್ಯವಾಗಿ 100ರದು. ಲ್ಯಾಂಟಸ್ ಇದೇ, ಬೆಂಗಳೂರಿನ ಬಯೋಕಾನ್ ಮಾಡುವ ಬೇಸಲಾಗ್ ಕೂಡ ಇದೇ. ಪ್ರಾಣಿಗಳಿಗೆಂದೇ ಇರುವ ಕ್ಯಾನಿನ್ಸುಲಿನ್ 40ರದು. ಸಿರಿಂಜ್‌ಗಳೂ ಹಾಗೇ ಎರಡು ಬಗೆ: 40ರದಕ್ಕೆ ಕೆಂಪು ಕ್ಯಾಪ್, 100ರದಕ್ಕೆ ಕಿತ್ತಳೆ ಕ್ಯಾಪ್. ಅಂಗಡಿಯಲ್ಲಿ ಸುಮ್ನೆ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದರೆ ಎರಡರಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು.

ಬೆಕ್ಕಿಗೆ 2 ಯೂನಿಟ್ ಹೇಳಿದ್ದಾರೆ ಅಂದುಕೊಳ್ಳಿ. 100ರ ಇನ್ಸುಲಿನ್‌ ಅನ್ನು ಕೆಂಪು ಕ್ಯಾಪಿನ ಸಿರಿಂಜ್‌ನಲ್ಲಿ 2ರ ಗೆರೆಗೆ ಎಳೆದರೆ ಬರುವುದು 0.05 ಮಿಲಿ. ಅಂದರೆ 5 ಯೂನಿಟ್, ಹೇಳಿದ್ದರ ಎರಡೂವರೆ ಪಟ್ಟು. ತಿರುಗಾಮುರುಗಾ ಆದರೆ, 40ರ ಇನ್ಸುಲಿನ್‌ ಅನ್ನು ಕಿತ್ತಳೆ ಸಿರಿಂಜ್‌ನಲ್ಲಿ 2ಕ್ಕೆ ಎಳೆದರೆ, ಬರುವುದು 0.02 ಮಿಲಿ. ಅಂದರೆ 0.8 ಯೂನಿಟ್. ಶುಗರ್ ಇಳಿಯದವರ ಮನೆಯಲ್ಲಿ ನಡೆಯುವುದು ಈ ಎರಡನೆಯದು. ಇಳಿಯುತ್ತಿಲ್ಲ ಅಂತ 2ನ್ನು 4 ಮಾಡಿದಿರಿ ಅನ್ನಿ. ಮುಂದಿನ ಸಲ ಅಂಗಡಿಯವರು ಸರಿಯಾದ ಕೆಂಪು ಸಿರಿಂಜ್ ಕೊಟ್ಟರೆ ಆ ರಾತ್ರಿ ಬೆಕ್ಕಿನ ಮೈಗೆ ನಿಜವಾದ 4 ಯೂನಿಟ್ ಹೋಗುತ್ತದೆ. ಮೊದಲು ಹೋಗುತ್ತಿದ್ದುದು 1.6.

ಬಾಟಲಿಯ ಲೇಬಲ್ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ, ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಹೊಸ ಪ್ಯಾಕ್ ತಂದಾಗಲೆಲ್ಲ ಓದಿ. ಗ್ಲಾರ್ಜಿನ್‌ನಲ್ಲಿ 1 ಮಿಲಿಗೆ 300 ಯೂನಿಟ್ ಇರುವ ಪೆನ್ ಕೂಡ ಮಾರುಕಟ್ಟೆಯಲ್ಲಿದೆ, ಅದರಿಂದ ಸಿರಿಂಜ್‌ಗೆ ಎಳೆಯಲೇಬೇಡಿ. ಹಾಗೆಯೇ ಮನೆಯ ಹಿರಿಯರಿಗೆ ತಂದ 30/70 ಮಿಶ್ರ ಇನ್ಸುಲಿನ್ "ಎಲ್ಲ ಇನ್ಸುಲಿನ್ನೇ ಅಲ್ವಾ" ಅಂತ ಬೆಕ್ಕಿಗೆ ಹೋಗಬಾರದು. ಅದರ ವೇಗವೇ ಬೇರೆ.

ಇದೇ ಜಾಗದಲ್ಲಿ ಇನ್ನೊಂದು ಸಂಗತಿ. 1 ಮಿಲಿಯ ಕಿತ್ತಳೆ ಸಿರಿಂಜ್‌ನಲ್ಲಿ ಸಾಮಾನ್ಯವಾಗಿ ಎರಡೆರಡು ಯೂನಿಟ್‌ಗೆ ಒಂದು ಗೆರೆ. 1 ಯೂನಿಟ್ ಅಂದರೆ ಕಣ್ಣಳತೆ. 100ರ ಇನ್ಸುಲಿನ್‌ನಲ್ಲಿ 1 ಯೂನಿಟ್ ಬರೀ 0.01 ಮಿಲಿ, ಒಂದು ಗುಳ್ಳೆ ಸೇರಿಕೊಂಡರೂ ಡೋಸ್‌ನ ಅರ್ಧ ಹೋಯಿತು. ದೊಡ್ಡ ಮನುಷ್ಯರ 30 ಯೂನಿಟ್‌ನಲ್ಲಿ ಲೆಕ್ಕಕ್ಕೆ ಬಾರದ ಗುಳ್ಳೆ ಬೆಕ್ಕಿಗೆ ದೊಡ್ಡದು. 0.3 ಮಿಲಿಯ, ಅರ್ಧ ಯೂನಿಟ್‌ಗೂ ಗೆರೆ ಇರುವ ಸಿರಿಂಜ್ ಹುಡುಕಿ ತರಿಸಿಕೊಳ್ಳಿ. ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಆದರೆ ಹುಡುಕುವ ಶ್ರಮಕ್ಕೆ ಬೆಲೆ ಇದೆ. ಅಳತೆ ಸುಲಭವಾಗಲಿ ಅಂತ ಗ್ಲಾರ್ಜಿನ್‌ಗೆ ನೀರು ಬೆರೆಸುವುದು ಖಂಡಿತ ಬೇಡ, ಅದು ಕೆಲಸ ಮಾಡುವ ರೀತಿಯೇ ಕೆಡುತ್ತದೆ.

ಇನ್ಸುಲಿನ್ ಕೆಟ್ಟಿದೆಯೇ?

10 ಮಿಲಿಯ 100ರ ಬಾಟಲಿಯಲ್ಲಿ 1000 ಯೂನಿಟ್ ಇರುತ್ತದೆ. ಹೊತ್ತಿಗೆ 2 ಯೂನಿಟ್ ತೆಗೆದುಕೊಳ್ಳುವ ಬೆಕ್ಕಿಗೆ ಅದು 250 ದಿನ ಬರುತ್ತದೆ. ಆದರೆ ಗ್ಲಾರ್ಜಿನ್ ತೆರೆದ ಮೇಲೆ 28 ದಿನ ಎಂದು ಮನುಷ್ಯರಿಗಾಗಿ ಬರೆದ ಲೇಬಲ್ ಹೇಳುತ್ತದೆ. ಫ್ರಿಜ್‌ನಲ್ಲೇ ಇಟ್ಟು ಸ್ವಚ್ಛವಾಗಿ ಬಳಸಿದರೆ ಇನ್ನಷ್ಟು ದಿನ ಬಳಸಲು ಕೆಲವು ವೈದ್ಯರು ಒಪ್ಪುತ್ತಾರೆ. ಅದೇನೇ ಇರಲಿ, ಬಾಟಲಿ ಹಳೆಯದಾಗುತ್ತಾ ಶುಗರ್ ಮೆಲ್ಲಗೆ ಏರುತ್ತಿದ್ದರೆ ಮೊದಲ ಅನುಮಾನ ಬಾಟಲಿಯ ಮೇಲೆ. 3 ಮಿಲಿಯ ಕಾರ್ಟ್ರಿಜ್ ತಂದರೆ ದುಡ್ಡೂ ಉಳಿಯುತ್ತದೆ, ಮದ್ದೂ ಹೊಸದಾಗಿರುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆದಿಡಿ.

ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರೀಜರ್‌ಗೆ ಅಂಟಿಕೊಂಡ ಜಾಗ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೆ ಚೆನ್ನಾಗಿ ಕಂಡರೂ ಎಸೆಯಿರಿ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಅಂಥ ಕಡೆ ದಿನವಿಡೀ ಕರೆಂಟ್ ಹೋದ ಮೇಲೆ, ಅಥವಾ ಅಂಗಡಿಯಿಂದ ತರುವಾಗ ಕಾರಿನಲ್ಲಿ ಬಿಟ್ಟ ಮೇಲೆ, ಶುಗರ್ ಏರಿದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಬ್ಬಾದರೆ ಎಸೆಯಿರಿ. ಕ್ಯಾನಿನ್ಸುಲಿನ್ ಹಾಲಿನ ಬಣ್ಣದ್ದು, ಅದನ್ನು ಕಲಕಿಯೇ ಎಳೆಯಬೇಕು. ಕಲಕುವ ರೀತಿ ಲೇಬಲ್‌ನಲ್ಲಿದೆ.

ಹೊಸ ಬಾಟಲಿ ತೆರೆಯುವ ದಿನ ಒಂದು ಎಚ್ಚರಿಕೆ. ಹಳೆಯದರಲ್ಲಿ ಡೋಸ್ ಏರಿಸಿದ್ದರೆ, ಹೊಸದರಲ್ಲಿ ಎಷ್ಟರಿಂದ ಶುರು ಮಾಡಬೇಕು ಅಂತ ವೈದ್ಯರಿಗೆ ಫೋನ್ ಮಾಡಿ ಕೇಳಿ. ಆ ದಿನ ಮನೆಯಲ್ಲಿ ಯಾರಾದರೂ ಇರಿ.

ಮದ್ದು ಮೈಯೊಳಗೆ ಹೋಯಿತೇ?

ಉದ್ದ ಕೂದಲಿನ ಬೆಕ್ಕಾದರೆ ಇಲ್ಲೇ ಅರ್ಧ ಸಮಸ್ಯೆ. ಚರ್ಮವನ್ನು ಎತ್ತಿ ಹಿಡಿದಾಗ ಸೂಜಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ, ಮದ್ದೆಲ್ಲ ಕೂದಲಿಗೆ. ಚುಚ್ಚಿದ ಮೇಲೆ ಆ ಜಾಗವನ್ನು ಬೆರಳಲ್ಲಿ ಸವರಿ ಮೂಸಿ ನೋಡಿ. ಇನ್ಸುಲಿನ್‌ಗೆ ಆಸ್ಪತ್ರೆಯ ಘಾಟು ವಾಸನೆ ಇದೆ, ತಕ್ಷಣ ಗೊತ್ತಾಗುತ್ತದೆ. ಕುತ್ತಿಗೆ ಹಿಂದೆ ಒಂದೇ ಜಾಗಕ್ಕೆ ಚುಚ್ಚುವ ಬದಲು ಪಕ್ಕೆಯ ಎರಡೂ ಬದಿಗೆ ಜಾಗ ಬದಲಿಸುತ್ತಾ ಚುಚ್ಚಿ. ಚಿಕ್ಕದಾಗಿ ಕೂದಲು ಕತ್ತರಿಸಿಕೊಂಡರೆ ಚರ್ಮ ಕಾಣುತ್ತದೆ.

ಎಷ್ಟು ಒಳಗೆ ಹೋಯಿತು ಅಂತ ಗೊತ್ತಾಗದಿದ್ದರೆ ಮತ್ತೆ ಚುಚ್ಚಬೇಡಿ. ಒಂದು ಹೊತ್ತು ತಪ್ಪಿದರೆ ಶುಗರ್ ಒಂದಿಷ್ಟು ಏರುತ್ತದೆ ಅಷ್ಟೆ. ಎರಡು ಡೋಸ್ ಸೇರಿದರೆ ಜೀವ ಹೋಗಬಹುದು. ಊಟ ಮುಟ್ಟದ ಬೆಕ್ಕಿಗೂ ಪೂರ್ತಿ ಡೋಸ್ ಬೇಡ, ಮೊದಲು ವೈದ್ಯರಿಗೆ ಫೋನ್ ಮಾಡಿ.

ಬಟ್ಟಲಲ್ಲಿ ಏನಿದೆ?

ಬೆಕ್ಕಿನ ದೇಹ ಮಾಂಸಕ್ಕೆಂದೇ ಆದದ್ದು. ಅನ್ನ, ಹಿಟ್ಟಿನ ಸಕ್ಕರೆಯನ್ನು ಬೇಗ ಅರಗಿಸಿ ಪಕ್ಕಕ್ಕಿಡುವ ಶಕ್ತಿ ಅದರ ಲಿವರ್‌ಗೆ ಕಡಿಮೆ. ಹಾಗಾಗಿ ಊಟದ ಕ್ಯಾಲೊರಿಯಲ್ಲಿ ಕಾರ್ಬೋಹೈಡ್ರೇಟ್ ಪಾಲು ಸುಮಾರು 12 ಶೇಕಡಾದೊಳಗೆ ಇರಲಿ ಅನ್ನುತ್ತಾರೆ ವೈದ್ಯರು. ನಮ್ಮ ಮನೆಗಳ ಮೊಸರನ್ನ, ಹಾಲನ್ನ, ಮೀನಿನ ಸಾರು ಕಲಸಿದ ಅನ್ನ, ಯಾವುದೂ ಇದರ ಹತ್ತಿರವೂ ಬರುವುದಿಲ್ಲ.

ಡ್ರೈ ಫುಡ್ ಪ್ಯಾಕೆಟ್ ಮೇಲೆ ಕಾರ್ಬೋಹೈಡ್ರೇಟ್ ಎಷ್ಟು ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ನೀವೇ ಲೆಕ್ಕ ಹಾಕಬಹುದು. ಪ್ರೋಟೀನ್, ಕೊಬ್ಬು, ನಾರು, ನೀರಿನಂಶ, ಬೂದಿ (ಆ್ಯಶ್, ಅಂದರೆ ಖನಿಜಾಂಶ) ಇವನ್ನೆಲ್ಲ ಕೂಡಿಸಿ 100ರಿಂದ ಕಳೆಯಿರಿ. ಪ್ರೋಟೀನ್ 30, ಕೊಬ್ಬು 10, ನಾರು 4, ನೀರು 10, ಬೂದಿ 8 ಇದ್ದರೆ ಉಳಿಯುವುದು 38. ಕ್ಯಾಲೊರಿ ಲೆಕ್ಕಕ್ಕೆ ತಂದರೆ 40 ಶೇಕಡಾ ಸುಮಾರು. ಬೂದಿ ಬರೆದಿರದಿದ್ದರೆ 8 ಅಂತ ಹಿಡಿಯಿರಿ. ಈ ಲೆಕ್ಕ ಒಮ್ಮೆ ಮಾಡಿದ ಮೇಲೆ ಪ್ಯಾಕೆಟ್‌ನ ಮುಂಬದಿಯ ಚಿತ್ರ, ಹೊಗಳಿಕೆ ನೋಡಿ ಯಾರೂ ಮೋಸ ಹೋಗುವುದಿಲ್ಲ. ಮಾಂಸವೇ ಜಾಸ್ತಿ ಇರುವ ವೆಟ್ ಫುಡ್ ಈ ಕಾಯಿಲೆಗೆ ಒಳ್ಳೆಯದು, ಆದರೆ ಗ್ರೇವಿಗೆ ಹಿಟ್ಟು ಸೇರಿಸಿದ ಪೌಚ್‌ಗಳೂ ಇವೆ, ಅವುಗಳ ಪಟ್ಟಿಯನ್ನೂ ಓದಿ. ಬರೀ ಬೇಯಿಸಿದ ಕೋಳಿ ಕೊಟ್ಟರೆ ಕಾರ್ಬೋಹೈಡ್ರೇಟ್ ಇರುವುದಿಲ್ಲ ನಿಜ, ಆದರೆ ಕ್ಯಾಲ್ಸಿಯಂನಂಥವು ಸಾಲದೆ ಬೇರೆ ತೊಂದರೆ ಶುರುವಾಗುತ್ತದೆ.

ಮನೆಯವರನ್ನೆಲ್ಲ ಕೂರಿಸಿ ಕೇಳಿ. ಅಜ್ಜಿ ಕಾಫಿ ಜೊತೆ ಒಂದು ತುಂಡು ಬಿಸ್ಕತ್ತು ಹಾಕಿರುತ್ತಾರೆ. "ಪಾಪ, ಅಷ್ಟು ಕೇಳುತ್ತೆ, ಒಂದೇ ಒಂದು ಕೊಟ್ಟೆ" ಅನ್ನುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಬೆಕ್ಕು ಹಸಿದು ಅವರ ಕಾಲು ಸುತ್ತುವುದೂ ಇದೇ ಕಾಯಿಲೆಯ ಲಕ್ಷಣ. ಬಿಸ್ಕತ್ತಿನ ಜಾಗದಲ್ಲಿ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಚೂರು ಅವರ ಕೈಗೇ ಕೊಡಿ. ಪಕ್ಕದ ಮನೆಯವರನ್ನೂ ಕೇಳಿ, ಹೊರಗೆ ಸುತ್ತುವ ಬೆಕ್ಕಾದರೆ ಅದಕ್ಕೆ ಮೂರು ಮನೆಗಳಲ್ಲಿ ಊಟ ಇರುತ್ತದೆ.

ಆದರೆ ಊಟವನ್ನು ಒಂದೇ ದಿನದಲ್ಲಿ ಬದಲಿಸಿ ಹಳೆಯ ಡೋಸ್ ಮುಂದುವರಿಸಬೇಡಿ. ಕಾರ್ಬೋಹೈಡ್ರೇಟ್ ಇಳಿದಾಗ ಇನ್ಸುಲಿನ್ ಬೇಡಿಕೆಯೂ ಇಳಿಯುತ್ತದೆ, ಕೆಲವೊಮ್ಮೆ ಕೆಲವೇ ದಿನಗಳಲ್ಲಿ. ಬದಲಾವಣೆ ಮೆಲ್ಲಗೆ ಆಗಲಿ. ವೈದ್ಯರಿಗೆ ಮೊದಲೇ ಹೇಳಿ, ಆ ದಿನಗಳಲ್ಲಿ ಶುಗರ್ ಜಾಸ್ತಿ ಸಲ ನೋಡಿ. ಉಪವಾಸ ಕೆಡವುವುದಂತೂ ಬೇಡ. ಕೆಲವು ದಿನ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಮೀಟರ್ ತೋರಿಸಿದ್ದು ನಿಜವೇ?

ಆಸ್ಪತ್ರೆಯಲ್ಲಿ ಹೆದರಿದ ಬೆಕ್ಕಿನ ಶುಗರ್ 300 ದಾಟಬಹುದು. ಡಯಾಬಿಟಿಸ್ ಇಲ್ಲದ ಬೆಕ್ಕಿಗೂ ಹೀಗಾಗುತ್ತದೆ. ಬುಟ್ಟಿಯೊಳಗೆ ಕೂರಿಸಿ, ಆಟೋದಲ್ಲಿ ತಂದು, ನಾಯಿಗಳ ಪಕ್ಕ ಕಾಯಿಸಿ ನೋಡಿದ ಒಂದು ಅಂಕಿಯ ಮೇಲೆ ಡೋಸ್ ಏರಿಸುವುದು ಅಪಾಯ. ಮನೆಯಲ್ಲೇ ನೋಡುವುದು ಇದಕ್ಕೇ.

ರಕ್ತ ತೆಗೆಯುವುದು ಕಿವಿಯ ಅಂಚಿನಿಂದ. ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಸಣ್ಣ ರಕ್ತನಾಳ ಕಾಣುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಕಿವಿಗೆ ಒತ್ತಿ, ಆಮೇಲೆ ಚೆನ್ನಾಗಿ ಒರೆಸಿ. ನೀರು ಉಳಿದರೆ ಅಂಕಿ ಕೆಡುತ್ತದೆ. ತೆಳ್ಳಗೆ ವ್ಯಾಸಲಿನ್ ಸವರಿದರೆ ರಕ್ತ ಕೂದಲಿಗೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಹತ್ತಿಯನ್ನು ಕಿವಿಯ ಹಿಂದೆ ಇಟ್ಟು, ರಕ್ತನಾಳ ಮತ್ತು ಅಂಚಿನ ನಡುವೆ ಚುಚ್ಚಿ. ಹನಿ ನಿಂತಾಗ ಸ್ಟ್ರಿಪ್ಪನ್ನು ಅದಕ್ಕೆ ಮುಟ್ಟಿಸಿ, ಅದೇ ಎಳೆದುಕೊಳ್ಳುತ್ತದೆ. ಆಮೇಲೆ ಹತ್ತಿಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ನೀಲಿಗಟ್ಟುತ್ತದೆ. ಕೊನೆಗೆ ಒಂದು ಚೂರು ಕೋಳಿ. ನಮ್ಮ ಮನೆಯ ಬೆಕ್ಕು ಈಗ ಮೀಟರ್‌ನ ಬೀಪ್ ಕೇಳಿದರೆ ತಾನೇ ಬಂದು ಕೂರುತ್ತದೆ.

ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುವುದೇ ಹೆಚ್ಚು. ಪ್ರಾಣಿಗಳಿಗೆಂದೇ ಇರುವ ಆಲ್ಫಾಟ್ರ್ಯಾಕ್‌ನಂಥದ್ದು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮನುಷ್ಯರದ್ದೇ ಆಗಲಿ, ಆದರೆ ಒಂದೇ ಮೀಟರ್ ಬಳಸಿ, ಯಾವುದು ಅಂತ ವೈದ್ಯರಿಗೆ ಹೇಳಿ. ಮೈಗೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಕೂಡ ಬೆಕ್ಕುಗಳಿಗೆ ಬಳಕೆಯಲ್ಲಿದೆ. ಮನೆಯ ಅಂಕಿಗೂ ಆಸ್ಪತ್ರೆಯ ಅಂಕಿಗೂ ತಾಳೆಯಾಗದಿದ್ದರೆ ಫ್ರಕ್ಟೋಸಮೈನ್ ರಕ್ತ ಪರೀಕ್ಷೆ ಕೇಳಿ. ಅದು ಹಿಂದಿನ ಒಂದೆರಡು ವಾರದ ಸರಾಸರಿಯನ್ನು ಹೇಳುತ್ತದೆ, ಅವತ್ತಿನ ಹೆದರಿಕೆ ಅದಕ್ಕೆ ತಟ್ಟುವುದಿಲ್ಲ.

ಒಂದು ಅಂಕಿ ಸಾಲದು, ಇಡೀ ದಿನ ನೋಡಿ

ಬೆಳಿಗ್ಗೆ ಇನ್ಸುಲಿನ್‌ಗೆ ಮುಂಚೆ ಒಮ್ಮೆ, ಆಮೇಲೆ ಎರಡೆರಡು ಗಂಟೆಗೆ ಒಮ್ಮೆ, ಸಂಜೆಯ ಡೋಸ್‌ವರೆಗೆ. ರಜಾದಿನ ಮಾಡಿ. ಅತಿ ಕೆಳಗಿನ ಅಂಕಿ 80ರಿಂದ 150ರ ನಡುವೆ ಇದ್ದು, ಅತಿ ಮೇಲಿನದು 300 ದಾಟದಿದ್ದರೆ ಹಿಡಿತ ಚೆನ್ನಾಗಿದೆ.

ಇಡೀ ದಿನ 350ರ ಆಸುಪಾಸಿನಲ್ಲೇ ನಿಂತಿದ್ದರೆ ಇನ್ಸುಲಿನ್ ಮೈಗೆ ಹೋಗುತ್ತಿಲ್ಲ, ಸಾಲುತ್ತಿಲ್ಲ, ಇಲ್ಲವೇ ದೇಹ ಅದನ್ನು ತಡೆಯುತ್ತಿದೆ. ಚೆನ್ನಾಗಿ ಇಳಿದು ಆರೇಳು ಗಂಟೆಗೇ ಮೇಲೆ ಹೋದರೆ ಆ ಇನ್ಸುಲಿನ್‌ನ ಆಯಸ್ಸು ಈ ಬೆಕ್ಕಿಗೆ ಸಾಲದು. ವೈದ್ಯರು ಡೋಸ್ ಬಿಟ್ಟು ಇನ್ಸುಲಿನ್ನೇ ಬದಲಿಸಬಹುದು. ಮೂರನೆಯ ಆಕಾರ ನನಗೆ ಅತಿ ಭಯ ಹುಟ್ಟಿಸುವಂಥದ್ದು: ಮಧ್ಯಾಹ್ನ 55ಕ್ಕೆ ಇಳಿದು ಸಂಜೆಗೆ 400 ದಾಟುವುದು. ಶುಗರ್ ತೀರಾ ಇಳಿದಾಗ ದೇಹ ತಾನಾಗಿಯೇ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಬೆಳಿಗ್ಗೆ, ಸಂಜೆ ಮಾತ್ರ ನೋಡುವವರಿಗೆ ಕಾಣುವುದು ಆ 400 ಒಂದೇ. ಅವರು ಡೋಸ್ ಏರಿಸುತ್ತಾರೆ, ಬೇಕಾಗಿರುವುದು ಇಳಿಸುವುದು.

80ಕ್ಕಿಂತ ಕೆಳಗಿನ ಅಂಕಿ ಕಂಡರೆ ಊಟ ಕೊಡಿ, ಮುಂದಿನ ಡೋಸ್‌ಗೆ ಮುಂಚೆ ವೈದ್ಯರನ್ನು ಕೇಳಿ.

ಎಲ್ಲ ಸರಿ ಇದೆ, ಆದರೂ ಇಳಿಯುತ್ತಿಲ್ಲ

ಈಗ ಬೆಕ್ಕಿನ ಮೈ ನೋಡಬೇಕು. ಬಾಯಿ ತೆರೆಸಿ, ಒಸಡು ಕೆಂಪಗೆ ಊದಿದೆಯೇ ನೋಡಿ. ಹಲ್ಲು, ಒಸಡಿನ ಸೋಂಕು ಇನ್ಸುಲಿನ್ ಕೆಲಸವನ್ನು ತಡೆಯುತ್ತದೆ. ಮೂತ್ರದ ಸೋಂಕೂ ಹಾಗೇ, ಸಕ್ಕರೆ ಇರುವ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಮೇಲಿಂದ ಯಾವ ಲಕ್ಷಣವೂ ಕಾಣದಿರಬಹುದು. ಮೇದೋಜೀರಕ ಗ್ರಂಥಿಯ ಉರಿಯೂತ, ಥೈರಾಯ್ಡ್ ಇವುಗಳ ಪರೀಕ್ಷೆಯನ್ನೂ ವೈದ್ಯರು ಹೇಳುತ್ತಾರೆ.

ಸ್ಟಿರಾಯ್ಡ್ ಬಗ್ಗೆ ನೀವೇ ನೆನಪು ಮಾಡಿಕೊಂಡು ಹೇಳಬೇಕು. ತುರಿಕೆಗೋ ಕೆಮ್ಮಿಗೋ ಬೇರೆ ಕ್ಲಿನಿಕ್‌ನಲ್ಲಿ ಹಾಕಿಸಿದ ಒಂದು ಇಂಜೆಕ್ಷನ್ ವಾರಗಟ್ಟಲೆ ಶುಗರ್ ಏರಿಸಿಡಬಲ್ಲದು. ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ.

ಹೊತ್ತಿಗೆ 5–6 ಯೂನಿಟ್ ಕೊಟ್ಟರೂ ಇಳಿಯುತ್ತಿಲ್ಲ, ತೂಕ ಇಳಿಯುವ ಬದಲು ಏರುತ್ತಿದೆ, ಮುಖ ಅಗಲವಾಗುತ್ತಿದೆ, ಪಾದ ದೊಡ್ಡದಾಗುತ್ತಿದೆ ಅನ್ನಿಸಿದರೆ ಅಕ್ರೊಮೆಗಲಿ ಬಗ್ಗೆ ಕೇಳಿ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗುವ ಕಾಯಿಲೆ ಇದು. ಬ್ರಿಟನ್‌ನಲ್ಲಿ 1221 ಡಯಾಬಿಟಿಸ್ ಬೆಕ್ಕುಗಳ ರಕ್ತ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದಿತ್ತು. ಮುಖ ಬದಲಾಗದ ಬೆಕ್ಕುಗಳಲ್ಲೂ ಇರಬಹುದು. ಐಜಿಎಫ್-1 ಎಂಬ ರಕ್ತ ಪರೀಕ್ಷೆ ಇದರ ಮೊದಲ ಹೆಜ್ಜೆ. ಹತ್ತಿರದಲ್ಲಿ ಅನುಕೂಲ ಇಲ್ಲದವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕಡೆ ವಿಚಾರಿಸಬಹುದು.

ಹಿಮ್ಮಡಿ ನೆಲಕ್ಕೂರಿ ನಡೆಯುವ ಬೆಕ್ಕನ್ನು ನೋಡಿ ಮದ್ದು ಕೆಲಸ ಮಾಡುತ್ತಿಲ್ಲ ಅಂದುಕೊಳ್ಳಬೇಡಿ. ಅದು ನರಗಳಿಗೆ ಆದ ಪೆಟ್ಟು. ಶುಗರ್ ಹಿಡಿತಕ್ಕೆ ಬಂದ ಮೇಲೂ ಸರಿಹೋಗಲು ತಿಂಗಳುಗಳು ಬೇಕು.

ಮಾತ್ರೆಗೆ ಬದಲಿಸಬಹುದೇ ಅಂತ ಕೇಳುವವರಿದ್ದಾರೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಬೆಕ್ಕುಗಳಿಗಾಗಿ ಒಪ್ಪಿಗೆ ಸಿಕ್ಕಿತು. ಆದರೆ ಇವೆರಡೂ ಇರುವುದು ಈ ಮೊದಲು ಇನ್ಸುಲಿನ್ ಪಡೆದಿರದ ಬೆಕ್ಕುಗಳಿಗೆ. ಶುಗರ್ ಅಂಕಿ ಚೆನ್ನಾಗಿದ್ದೂ ಕೀಟೋನ್ ಏರುವ ಅಪಾಯ ಈ ಬಗೆಯ ಮದ್ದುಗಳಲ್ಲಿದೆ. ಮನೆಯವರ ಶುಗರ್ ಮಾತ್ರೆ ಮುರಿದು ಕೊಡುವುದನ್ನಂತೂ ಯೋಚಿಸಲೂ ಬೇಡಿ.

ಇದ್ದಕ್ಕಿದ್ದಂತೆ ಇಳಿಯತೊಡಗಿದರೆ

ಅದೇ ಡೋಸ್, ಅದೇ ಊಟ, ಆದರೆ ಅಂಕಿಗಳು ವಾರದಿಂದ ವಾರಕ್ಕೆ ಇಳಿಯುತ್ತಿವೆ. ಇದು ಒಳ್ಳೆಯ ಸುದ್ದಿ ಇರಬಹುದು. ಬೆಕ್ಕುಗಳಲ್ಲಿ ಡಯಾಬಿಟಿಸ್ ಹಿಂದೆ ಸರಿಯುವುದುಂಟು. ಕಾಯಿಲೆ ಗೊತ್ತಾದ 6 ತಿಂಗಳೊಳಗೆ ಬಿಗಿ ಹಿಡಿತ ಸಿಕ್ಕವುಗಳಲ್ಲಿ ಈ ಸಾಧ್ಯತೆ ಜಾಸ್ತಿ. ಆದರೆ ಶುಗರ್ ಇಳಿದು ಅಪಾಯವಾಗುವುದೂ ಈ ದಿನಗಳಲ್ಲೇ. ಇನ್ಸುಲಿನ್ ನೀವೇ ನಿಲ್ಲಿಸಬೇಡಿ, ಅಂಕಿಗಳ ಪುಸ್ತಕ ವೈದ್ಯರ ಮುಂದಿಡಿ, ಅವರು ಹಂತಹಂತವಾಗಿ ಇಳಿಸುತ್ತಾರೆ. ಇನ್ಸುಲಿನ್ ಇಲ್ಲದೆ 4 ವಾರ ಸರಿಯಾಗಿ ಕಳೆದರೆ ಕಾಯಿಲೆ ಸರಿದಿದೆ ಅನ್ನಬಹುದು. ಆಮೇಲೂ ಊಟ ಅದೇ ಇರಲಿ, ವಾರಕ್ಕೊಮ್ಮೆ ಕಿವಿ ಚುಚ್ಚಿ ನೋಡಿ. ಸ್ಟಿರಾಯ್ಡ್ ಬರೆಯುವ ಯಾವ ವೈದ್ಯರಿಗಾದರೂ ಈ ಬೆಕ್ಕಿಗೆ ಡಯಾಬಿಟಿಸ್ ಇತ್ತು ಅಂತ ಮೊದಲೇ ಹೇಳಿ. 200 ದಾಟಿದ ಅಂಕಿ ಎರಡು ದಿನ ಬಿಡದೆ ಕಂಡರೆ ಮೂರನೆಯ ದಿನಕ್ಕೆ ಕಾಯದೆ ಫೋನ್ ಮಾಡಿ.